‘ಬ್ಯಾಲೆನ್ಸ್’ ಬೇಡ, ಗಂಟೆ ಲೆಕ್ಕ ಹೇಳಿ

(1/8)
ನಮ್ಮ ಬ್ಯಾಚ್‌ನವರಿಗೂ, ಈಗಿನ್ನೂ ಬಿಎಫ್‌ಎ ಓದ್ತಿರೋ ತಮ್ಮ ತಂಗಿಯರಿಗೂ.

ಈ ಸಲದ ಸರಣಿ ಒಂದೇ ಪ್ರಶ್ನೆಯ ಬಗ್ಗೆ. ಮಗಳು ಹುಟ್ಟಿದ ಮೇಲೆ ನನಗೆ ಅತಿ ಹೆಚ್ಚು ಬಂದಿರೋ ಡಿಎಂ ಇದು: “ಅಕ್ಕಾ, ಮಗು, ಪೇಂಟಿಂಗ್ ಎರಡನ್ನೂ ಹೇಗೆ ಬ್ಯಾಲೆನ್ಸ್ ಮಾಡ್ತೀರಾ?”

ಪ್ರೀತಿಯಿಂದಲೇ ಕೇಳ್ತೀರಿ, ಗೊತ್ತು. ಆದ್ರೆ ನನ್ನ ಗಂಡನಿಗೆ ಈ ಪ್ರಶ್ನೆ ಇದುವರೆಗೆ ಒಬ್ಬರೂ ಕೇಳಿಲ್ಲ. ಅವನೂ ದಿನಾ ಕೆಲಸಕ್ಕೆ ಹೋಗ್ತಾನೆ, ಅವನಿಗೂ ಇದೇ ಮಗು!

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬ್ಯಾಲೆನ್ಸ್ ಅನ್ನೋದನ್ನ ನಾವು ತಾಯಿಯ ಗುಣ ಅಂದ್ಕೊಂಡಿದ್ದೀವಿ. ನಿಜವಾಗಿ ಅದು ಮನೆಯ ವ್ಯವಸ್ಥೆ. ದಿನಕ್ಕೆ ಎಷ್ಟು ಗಂಟೆ ಮಗು ಬೇರೆಯವರ ಕೈಯಲ್ಲಿರುತ್ತೆ? ಆ ಕೈ ಯಾರದು? ಅದರ ಖರ್ಚು ಯಾರದು? ಈ ಮೂರಕ್ಕೆ ಉತ್ತರ ಇರೋ ಮನೆಯಲ್ಲಿ ಕಲೆ ಉಳಿಯುತ್ತೆ. ಉತ್ತರ ಇಲ್ಲದ ಮನೆಯಲ್ಲಿ ಎಷ್ಟೇ ಪ್ರತಿಭೆ ಇದ್ರೂ ಬ್ರಷ್ ಒಣಗುತ್ತೆ.

(2/8)
ಮೊದಲು ಅಂಕಿ ನೋಡೋಣ. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡ್ತು. ಜನ ದಿನದ 24 ಗಂಟೆಯನ್ನ ಯಾವುದಕ್ಕೆ ಕಳೀತಾರೆ ಅಂತ ಕೇಳೋ ಸಮೀಕ್ಷೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಗಮನಿಸಿ, ಗಂಡಸರ ಸರಾಸರಿ ತೆಗೆದಿರೋದು ಮಾಡುವವರನ್ನ ಮಾತ್ರ ಲೆಕ್ಕಕ್ಕೆ ಹಿಡಿದು. ಏನೂ ಮಾಡದವರು ಅದರಲ್ಲಿ ಇಲ್ಲವೇ ಇಲ್ಲ. ಮಕ್ಕಳು, ವಯಸ್ಸಾದವರ ಆರೈಕೆ ಬೇರೆ ಸಾಲು: ಹೆಂಗಸರದ್ದು 134 ನಿಮಿಷ, ಗಂಡಸರದ್ದು 76.

299 ನಿಮಿಷ ಅಂದ್ರೆ ಹತ್ತಿರ ಹತ್ತಿರ ಐದು ಗಂಟೆ. ಕಾಲೇಜಿನಲ್ಲಿ ಒಂದು ಪೂರ್ತಿ ದಿನ ಲೈಫ್ ಸ್ಟಡಿಗೆ ಕೂರ್ತಿದ್ವಲ್ಲ, ಅಷ್ಟು ಹೊತ್ತು. ಅದು ದಿನಾ ಅಡುಗೆ, ಪಾತ್ರೆ, ಬಟ್ಟೆಗೆ ಹೋಗುತ್ತೆ.

ನಮ್ಮ ಕ್ಲಾಸಿನಲ್ಲಿ ಹುಡುಗೀರೇ ಜಾಸ್ತಿ ಇದ್ರು, ನೆನಪಿದೆಯಾ? ಈಗ ಯಾವುದಾದ್ರೂ ಗ್ರೂಪ್ ಶೋ ಪೋಸ್ಟರ್ ತೆಗೆದು ನಮ್ಮ ಬ್ಯಾಚ್‌ನ ಹೆಸರು ಎಣಿಸಿ. ಡ್ರಾಯಿಂಗ್‌ನಲ್ಲಿ ನಮಗೆಲ್ಲ ಪಾಠ ಹೇಳುವಷ್ಟು ಗಟ್ಟಿ ಇದ್ದವಳು ಪೋಸ್ಟರ್‌ನಲ್ಲಿ ಇಲ್ಲ. ಅವಳ ಕೈ ಏನೂ ಮರೆತಿಲ್ಲ. ಅವಳಿಗೆ ಗಂಟೆ ಸಿಕ್ಕಿಲ್ಲ, ಅಷ್ಟೇ.

(3/8)
ನಮ್ಮಲ್ಲಿ ತಾಯಿ-ಕಲಾವಿದೆ ಅಂದ ಕೂಡಲೇ ‘ತ್ಯಾಗ’ ಅಂತ ಶುರು ಮಾಡ್ತಾರೆ. ಗಂಗೂಬಾಯಿ ಹಾನಗಲ್ ಅವರ ಬಗ್ಗೆ ಆಗುವ ಭಾಷಣ ಕೇಳಿ. ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ. 16ಕ್ಕೆ ಮದುವೆ. ಆಮೇಲೆ ಮೂರು ಮಕ್ಕಳು. ಮುಂದೆ ಸವಾಯಿ ಗಂಧರ್ವರ ಹತ್ತಿರ ಕಲಿಯೋಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು. ಹಾಡು ಅವರಿಗೆ ಹವ್ಯಾಸವಾಗಿರಲಿಲ್ಲ, ಮನೆ ನಡೆಸುವ ದುಡಿಮೆ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಆ ರೈಲು. ತಾಯಿ ಮನೆ ಬಿಟ್ಟು, ಟಿಕೆಟ್ ತಗೊಂಡು, ಬೇರೆ ಊರಲ್ಲಿ ಗಂಟೆಗಟ್ಟಲೆ ಕೂತು ಕಲಿತು, ತಡವಾಗಿ ವಾಪಸ್ ಬಂದ್ರು. ಅಷ್ಟು ಹೊತ್ತು ಮಕ್ಕಳನ್ನ ಯಾರೋ ನೋಡ್ಕೊಂಡ್ರು. ಊಟ ಹಾಕಿದ ಆ ಕೈಗಳು ಸನ್ಮಾನದ ಭಾಷಣದಲ್ಲಿ ಬರೋದೇ ಇಲ್ಲ. ಮುಂದೆ ಮಗಳು ಕೃಷ್ಣಾ ಅಮ್ಮನ ಜೊತೆ ವೇದಿಕೆ ಮೇಲೆ ಕೂತು ದನಿಗೂಡಿಸಿದ್ರು. ಅಮ್ಮನ ರಿಯಾಜ್ ಮಗಳಿಂದ ಏನೋ ಕಿತ್ಕೊಳ್ತು ಅನ್ನೋಕೆ ಆಗುತ್ತಾ? ಒಂದು ವಿದ್ಯೆಯನ್ನೇ ಕೊಡ್ತು.

“ಮಗು ಬೆಳೆಯೋದು ಒಂದೇ ಸಲ ಕಣಮ್ಮ, ಚಿತ್ರ ಆಮೇಲೂ ಬರೀಬಹುದು” ಅನ್ನೋ ಹಿರಿಯರಿಗೆ ನನ್ನ ಉತ್ತರ ಇದೇ. ಮಗು ಬೆಳೆಯೋದು ಒಂದೇ ಸಲ, ನಿಜ. ಹಾಗೆ ಬೆಳೆಯುವಾಗ ಅಮ್ಮ ಕೆಲಸ ಮಾಡೋದನ್ನ ನೋಡೋ ಅವಕಾಶವೂ ಅದಕ್ಕೆ ಒಂದೇ ಸಲ.

(4/8)
ಈಗ ಒಬ್ಬ ಶಿಲ್ಪಿ. ರೂತ್ ಅಸಾವಾ (1926–2013), ಜಪಾನಿ ಮೂಲದ ಅಮೆರಿಕನ್. 1947ರಲ್ಲಿ ಮೆಕ್ಸಿಕೋದ ಟೊಲುಕಾದಲ್ಲಿ ಬುಟ್ಟಿ ಹೆಣೆಯೋ ರೀತಿಯಲ್ಲಿ ತಂತಿ ಹೆಣೆಯೋದನ್ನ ಕಲಿತ್ರು. ಆಮೇಲೆ ಮದುವೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆ, 1950ರಿಂದ 1959ರೊಳಗೆ ಆರು ಮಕ್ಕಳು. ಹೌದು, ಆರು!

ಇಮೋಜೆನ್ ಕನಿಂಗ್‌ಹ್ಯಾಮ್ 1957ರಲ್ಲಿ ತೆಗೆದ ಫೋಟೋ ಹುಡುಕಿ ನೋಡಿ. ಸುತ್ತ ತಂತಿಯ ಶಿಲ್ಪಗಳು, ಮಧ್ಯೆ ಅಸಾವಾ ಕೆಲಸ ಮಾಡ್ತಿದ್ದಾರೆ, ಪಕ್ಕದಲ್ಲೇ ಮಕ್ಕಳು ತಮ್ಮ ಪಾಡಿಗೆ.

ನಾವು ಕಲಿಯಬೇಕಾದ್ದು ಅವರ ಮಾಧ್ಯಮದಿಂದ. ತಂತಿ ಒಣಗಲ್ಲ, ವಾಸನೆ ಬರಲ್ಲ. ಮಗು ಅತ್ತಾಗ ಕೆಳಗಿಟ್ಟು, ಒಂದು ಗಂಟೆ ಬಿಟ್ಟು ಅದೇ ಕುಣಿಕೆಯಿಂದ ಮುಂದುವರಿಸಬಹುದು. ತುಂಡು ತುಂಡು ಸಮಯವನ್ನ ತಡ್ಕೊಳ್ಳೋ ಮಾಧ್ಯಮ ಅದು. ಆಗಿನ ಕೆಲವು ವಿಮರ್ಶಕರು ಅದನ್ನ ಗೃಹಿಣಿಯ ಕರಕುಶಲ ಅನ್ನೋ ಹಾಗೆ ನೋಡಿದ್ರು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಲಾ ಶಾಲೆಗೆ ಅವರದೇ ಹೆಸರಿಟ್ರು. 2020ರಲ್ಲಿ ಅವರ ಶಿಲ್ಪಗಳು ಅಮೆರಿಕದ ಅಂಚೆಚೀಟಿ ಮೇಲೆ ಬಂದ್ವು.

(5/8)
ನನ್ನದೂ ಹಾಗೇ ಬದಲಾಯ್ತು. ಆಯಿಲ್ ಬಿಟ್ಟೆ. ಟರ್ಪೆಂಟೈನ್ ಆವಿ ತುಂಬಿದ ರೂಮಿನಲ್ಲಿ ತೆವಳೋ ಮಗುವನ್ನ ಇಟ್ಕೊಳ್ಳೋಕೆ ಆಗಲ್ಲ. ಎಚ್ಚಿಂಗ್‌ನ ಆಸಿಡ್ ಅಂತೂ ಮನೆಯೊಳಗೆ ಬೇಡವೇ ಬೇಡ. ಕ್ಯಾಡ್ಮಿಯಂ ಬಣ್ಣದ ಟ್ಯೂಬ್ ಮಗುವಿನ ಕೈಗೆ ಸಿಗೋ ಕಡೆ ಇಡಬೇಡಿ, ಅದು ವಿಷ. ಈಗ ಪೆನ್ಸಿಲ್, ಇಂಕ್, ಬಟ್ಟೆ ಮೇಲೆ ಹೊಲಿಗೆ. ದೊಡ್ಡ ಕ್ಯಾನ್ವಾಸ್ ಬದಲು ಒಂದಡಿ ಕಾಗದಗಳು, ಜೋಡಿಸಿದ್ರೆ ಗೋಡೆ ತುಂಬುತ್ತೆ.

ಬಾಣಂತನದ ಬಗ್ಗೆಯೂ ಒಂದು ಮಾತು. ತವರಿನಲ್ಲಿ ಎಣ್ಣೆ ಸ್ನಾನ, ಬಿಸಿ ಅನ್ನ, ನಿದ್ದೆ, ಎಲ್ಲ ಖುಷಿಯಾಗಿ ತಗೊಳ್ಳಿ. “ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದು” ಅಂತ ಸ್ಕೆಚ್‌ಬುಕ್ ಎತ್ತಿಟ್ರೆ ಜಗಳ ಆಡಬೇಡಿ, ಮೈಗೆ ವಿಶ್ರಾಂತಿ ಬೇಕೇ ಬೇಕು. ಕಷ್ಟ ಶುರುವಾಗೋದು ತವರಿಂದ ವಾಪಸ್ ಬಂದ ದಿನ. ಅಲ್ಲಿ ನಾಲ್ಕು ಕೈ ಇದ್ದ ಮಗುವಿಗೆ ಇಲ್ಲಿ ಎರಡೇ ಕೈ. ಆ ದಿನದ ಮಾತುಕತೆ ಹೆರಿಗೆಗೆ ಮುಂಚೆನೇ ಮುಗಿಸಿ: ಬೆಳಿಗ್ಗೆ ಯಾರು, ಸಂಜೆ ಯಾರು, ಭಾನುವಾರ ಯಾರು.

ನಮ್ಮ ಮನೆಯಲ್ಲಿ ಬೆಳಿಗ್ಗೆ ಆರರಿಂದ ಎಂಟೂವರೆ ನನ್ನ ಸಮಯ. ಮಗು ಅವನ ಹತ್ತಿರ. ಅಡುಗೆಮನೆಯಲ್ಲಿ ಏನೇ ಉಕ್ಕಿದ್ರೂ ನಾನು ಎದ್ದು ಹೋಗಲ್ಲ. ಇದನ್ನ “ಅವನು ಸಹಾಯ ಮಾಡ್ತಾನೆ” ಅಂತ ಹೇಳಬೇಡಿ. ಅವನ ಮಗುವನ್ನ ಅವನು ನೋಡ್ಕೊಳ್ತಾನೆ.

(6/8)
ತಾಯ್ತನವನ್ನೇ ಕಲೆ ಮಾಡಿದವರೂ ಇದ್ದಾರೆ. ನ್ಯೂಯಾರ್ಕ್‌ನ ಮಿಯರ್ಲ್ ಲೇಡರ್‌ಮನ್ ಯೂಕಲೀಸ್‌ಗೆ ಮೊದಲ ಮಗು 1968ರಲ್ಲಿ. ಮರುವರ್ಷವೇ ಒಂದು ಪ್ರಣಾಳಿಕೆ ಬರೆದ್ರು. ಒರೆಸೋದು, ತೊಳೆಯೋದು, ಮಗುವಿನ ಬಟ್ಟೆ ಬದಲಾಯಿಸೋದು, ಇದೆಲ್ಲ ನಾನು ದಿನಾ ಮಾಡೋ ಕೆಲಸ, ಇನ್ಮೇಲೆ ಇದನ್ನೇ ಕಲೆ ಅಂತ ತೋರಿಸ್ತೀನಿ ಅನ್ನೋದು ಅದರ ಸಾರ. 1973ರಲ್ಲಿ ಮ್ಯೂಸಿಯಂ ಒಂದರ ಮೆಟ್ಟಿಲು ತೊಳೆದು ತೋರಿಸಿಯೂಬಿಟ್ರು. ಆಮೇಲೆ ನ್ಯೂಯಾರ್ಕ್‌ನ ಸುಮಾರು 8,500 ನೈರ್ಮಲ್ಯ ಕಾರ್ಮಿಕರಿಗೆ ಒಬ್ಬೊಬ್ಬರಾಗಿ ಕೈಕುಲುಕಿ ಧನ್ಯವಾದ ಹೇಳಿದ್ರು. ಮನೆಯ ಕಸದಿಂದ ಊರಿನ ಕಸದವರೆಗೆ ಒಂದೇ ಯೋಚನೆ.

2012ರಲ್ಲಿ ಲೆಂಕಾ ಕ್ಲೇಟನ್ ತಮ್ಮ ಮನೆಯನ್ನೇ ‘ತಾಯ್ತನದ ರೆಸಿಡೆನ್ಸಿ’ ಅಂತ ಘೋಷಿಸಿದ್ರು. ಮಗನ ಬಾಯಿಂದ ತೆಗೆದ 63 ವಸ್ತುಗಳನ್ನ ಸಾಲಾಗಿ ಜೋಡಿಸಿದ್ದು ಅದರಲ್ಲಿ ಒಂದು ಕೃತಿ. ಪುಟ್ಟ ಮಕ್ಕಳಿರೋ ಮನೆಯವರಿಗೆ ಇದು ಒಂದೇ ಕ್ಷಣಕ್ಕೆ ಅರ್ಥ ಆಗುತ್ತೆ 😄

ಆದ್ರೆ ಇದು ನಿಯಮ ಆಗಬಾರದು. ನನಗೆ ಒಂದು ಗ್ಯಾಲರಿಯವರು, “ಮೇಡಂ, ಅಮ್ಮ-ಮಗು ಸೀರೀಸ್ ಮಾಡಿ, ಚೆನ್ನಾಗಿ ಹೋಗುತ್ತೆ” ಅಂದ್ರು. ನಾನು ಮಾಡ್ತಿರೋದು ಬತ್ತಿದ ಕೆರೆಗಳ ಡ್ರಾಯಿಂಗ್. ತಾಯಿಯಾದವಳಿಗೆ ಕೆರೆ ಕಾಣೋದು ನಿಂತುಹೋಗುತ್ತಾ? ಮಗುವಿನ ಬಗ್ಗೆ ಮಾಡಬೇಕು ಅನ್ನಿಸಿದ್ರೆ ಮಾಡಿ. ಅನ್ನಿಸದಿದ್ರೆ ಕೆರೆ, ಕಾರ್ಖಾನೆ, ರಾಜಕೀಯ, ಏನು ಬೇಕಾದ್ರೂ ಮಾಡಿ.

(7/8)
ಇದು ಸ್ವಲ್ಪ ಕಹಿ, ಆದ್ರೂ ಓದಿ.

ನನ್ನ ಕೈ ಬಿಡುವಾಗೋದು ಇನ್ನೊಬ್ಬ ಹೆಂಗಸಿನ ಕೈ ತುಂಬಿದಾಗ. ಅಮ್ಮ, ಅತ್ತೆ, ಇಲ್ಲಾ ಮನೆಗೆ ಬರೋ ಅಕ್ಕ. ನನ್ನ ಮಗಳನ್ನ ನೋಡ್ಕೊಳ್ಳೋಕೆ ಬರೋ ಅಕ್ಕನಿಗೂ ಮಗು ಇದೆ. ಹಾಗಾಗಿ ನನ್ನ ಬಜೆಟ್‌ನಲ್ಲಿ ಅವರ ಸಂಬಳ ಬಣ್ಣ, ಕಾಗದಕ್ಕಿಂತ ಮೊದಲು ಬರುತ್ತೆ, ವಾರದ ರಜೆಯೂ ಇದೆ. ಸ್ತ್ರೀವಾದದ ಚಿತ್ರ ಬರೆಯುತ್ತಾ ಅದೇ ಮನೆಯಲ್ಲಿ ಕೆಲಸದವರ ರಜೆಗೆ ಸಂಬಳ ಹಿಡಿದ್ರೆ ಆ ಚಿತ್ರಕ್ಕೆ ಬೆಲೆ ಇಲ್ಲ.

ಕಾನೂನು ನಮ್ಮಂಥವರನ್ನ ಮುಟ್ಟಲ್ಲ. 2017ರ ತಿದ್ದುಪಡಿಯಿಂದ, ಅದು ಅನ್ವಯಿಸುವ ಕಡೆ ಸಂಬಳಕ್ಕೆ ದುಡಿಯುವ ತಾಯಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಸಿಗುತ್ತೆ, 50 ಜನ ಇರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಕೊಡಬೇಕು. ಫ್ರೀಲಾನ್ಸ್ ಕಲಾವಿದೆಗೆ ಸಂಬಳ ಕೊಡೋ ಮಾಲೀಕನೇ ಇಲ್ಲ, ರಜೆ ಎಲ್ಲಿಂದ ಬರಬೇಕು? ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ‘ಕೂಸಿನ ಮನೆ’ ಅಂತ ಮಾಡಿದ್ದಾರೆ. ಗುದ್ದಲಿ ಹಿಡಿಯೋ ತಾಯಿಗೆ ಮಗು ಬಿಡೋಕೆ ಒಂದು ಜಾಗ ಬೇಕು ಅಂತ ಪಂಚಾಯಿತಿಗೆ ಅರ್ಥ ಆಗಿದೆ. ಬ್ರಷ್ ಹಿಡಿಯೋ ತಾಯಿಗೂ ಬೇಕು ಅಂತ ಕಲಾ ಸಂಸ್ಥೆಗಳಿಗೆ ಯಾವಾಗ ಅರ್ಥ ಆಗುತ್ತೋ.

ರೆಸಿಡೆನ್ಸಿ ಕರೆಗಳನ್ನ ನೋಡಿ. ಎಷ್ಟೋ ಕಡೆ ‘35 ವರ್ಷದೊಳಗಿನವರು’, ‘ಕುಟುಂಬದವರಿಗೆ ವಸತಿ ಇಲ್ಲ’. 27ಕ್ಕೆ ಮಗುವಾಗಿ, 33ಕ್ಕೆ ಅದು ಒಂದನೇ ಕ್ಲಾಸಿಗೆ ಹೋದಾಗ ಅವಳಿಗೆ ಉಳಿಯೋದು ಎರಡೇ ವರ್ಷ. ವಯಸ್ಸಿನ ಬದಲು ‘ಕೆಲಸ ಶುರು ಮಾಡಿ ಎಷ್ಟು ವರ್ಷ’ ಅಂತ ಕೇಳಬಹುದು. ಮಗು, ಜೊತೆಗೊಬ್ಬರು ಉಳಿಯೋಕೆ ಒಂದು ರೂಮ್ ಕೊಡಬಹುದು. ಇದಕ್ಕೆ ಕೋಟಿ ಕೋಟಿ ಬೇಕಿಲ್ಲ.

(8/8)
ಮಗು ಬೇಡ ಅಂತ ನಿರ್ಧರಿಸಿದ ಗೆಳತಿಯರೇ, ಯಾರಿಗೂ ಕಾರಣ ಕೊಡಬೇಕಿಲ್ಲ. ಮಗುವಿಗಾಗಿ ಕಲೆ ಬಿಟ್ಟವರೇ, ನೀವು ಸೋತಿಲ್ಲ. ಬಿಡಬೇಕು ಅನ್ನಿಸಿ ಬಿಟ್ಟಿದ್ರೆ ಒಳ್ಳೇದು. ಬೇರೆ ದಾರಿ ಕಾಣದೆ ಬಿಟ್ಟಿದ್ರೆ ಅದು ನಮ್ಮೆಲ್ಲರ ತಲೆನೋವು.

ಓದ್ತಿರೋ ತಂಗಿಯರೇ, ಹುಡುಗ ನೋಡೋಕೆ ಬಂದಾಗ “ಮದುವೆ ಆದ್ಮೇಲೂ ಪೇಂಟಿಂಗ್ ಮಾಡಬಹುದಮ್ಮ” ಅಂದ್ರೆ ಅಲ್ಲಿಗೇ ಖುಷಿಪಡಬೇಡಿ. “ಯಾವ ಹೊತ್ತಲ್ಲಿ? ಆಗ ಮಗು ಯಾರ ಹತ್ತಿರ?” ಅಂತ ಕೇಳಿ. ಅನುಮತಿ ಪುಕ್ಕಟೆ ಸಿಗುತ್ತೆ, ಗಂಟೆ ಕೇಳಿ ತಗೋಬೇಕು.

ತಮ್ಮಂದಿರೇ, ನಿಮಗೂ ಮುಂದೊಂದು ದಿನ ಮಗು ಆಗುತ್ತೆ. ಅನ್ನ, ಸಾರು ಮಾಡೋದು, ಮಗು ಮಲಗಿಸೋದು ಈಗಲೇ ಕಲಿತಿಡಿ.

ಬ್ಯಾಚ್‌ಮೇಟ್ಸ್, ಶೋ ಕ್ಯುರೇಟ್ ಮಾಡುವಾಗ “ಅವಳಿಗೆ ಈಗ ಮಗು ಅಲ್ವಾ, ಬರಲ್ಲ ಬಿಡು” ಅಂತ ನೀವೇ ತೀರ್ಮಾನ ಮಾಡಬೇಡಿ. ಫೋನ್ ಮಾಡಿ ಕೇಳಿ. ಓಪನಿಂಗ್ ಸಂಜೆ ಏಳರ ಬದಲು ಭಾನುವಾರ ಬೆಳಿಗ್ಗೆ ಇಡಿ. ಬರ್ತಾಳೋ ಇಲ್ವೋ ನೋಡೋಣ.

ಕೆಳಗೆ ಕಾಮೆಂಟ್‌ನಲ್ಲಿ ‘ಸೂಪರ್ ಮಾಮ್’ ಅಂತ ಹಾಕಬೇಡಿ ಪ್ಲೀಸ್ 🙏 ನಿಮ್ಮ ಮನೆಯಲ್ಲಿ ಅಮ್ಮನಿಗೆ ದಿನಕ್ಕೆ ಅವಳದೇ ಅನ್ನೋ ಗಂಟೆ ಎಷ್ಟು ಸಿಗುತ್ತೆ? ಆ ನಂಬರ್ ಮಾತ್ರ ಬರೆಯಿರಿ. ಸೊನ್ನೆ ಆದ್ರೆ ಸೊನ್ನೆ ಅಂತಲೇ ಬರೆಯಿರಿ. ಆಮೇಲೆ ಅದನ್ನ ಒಂದು ಮಾಡೋಕೆ ಇವತ್ತು ಮನೆಯಲ್ಲಿ ಯಾರು ಏನು ಮಾಡಬಹುದು ಅಂತ ನೋಡಿ.

#ಕಲಾವಿದೆ #ತಾಯ್ತನ #ಗಂಟೆಲೆಕ್ಕ #ನಮ್ಮಬ್ಯಾಚ್