ಕ್ಯಾಮೆರಾದ ಕಣ್ಣು, ಅಂತರಂಗದ ಕಣ್ಣು

ಕ್ರಿಕೆಟ್ಟಿನ ಪ್ರಸ್ತಾಪವನ್ನು ಈ ಪುಟದಲ್ಲಿ ಎತ್ತಿದರೆ ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ಅಜ್ಜ-ಮೊಮ್ಮಕ್ಕಳು ಒಂದೇ ಜಮಖಾನದ ಮೇಲೆ ಕುಳಿತು ನೋಡುವ ಆಟದಲ್ಲಿ ನ್ಯಾಯ ತೀರ್ಮಾನ ಹೇಗಾಗುತ್ತದೆಂಬುದು ಗೃಹಸ್ಥರಿಗೆ ಸಂಬಂಧಪಡದ ಮಾತೇನಲ್ಲ.

1992ರ ನವೆಂಬರಿನಲ್ಲಿ, ದಕ್ಷಿಣ ಆಫ್ರಿಕದ ಡರ್ಬನ್ ನಗರದ ಟೆಸ್ಟ್ ಪಂದ್ಯದಲ್ಲಿ, ಸಚಿನ್ ತೆಂಡೂಲ್ಕರ್ ರನೌಟ್ ಆದರೋ ಇಲ್ಲವೋ ಎಂಬ ಸಂದೇಹ ಬಂದಿತು. ಮೈದಾನದಲ್ಲಿದ್ದ ಅಂಪೈರ್ ತಾವೇ ತೀರ್ಪು ನೀಡದೆ, ಟಿ.ವಿ. ಪರದೆಯ ಮುಂದಿದ್ದ ಮೂರನೆಯ ಅಂಪೈರರನ್ನು ಕೇಳಿದರು. ಹೀಗೆ ಯಂತ್ರದ ಸಾಕ್ಷ್ಯದಿಂದ ಔಟಾದ ಮೊದಲ ಆಟಗಾರ ನಮ್ಮ ದೇಶದವರೇ ಆದರು. 2008ರಲ್ಲಿ ಭಾರತ ತಂಡ ಶ್ರೀಲಂಕಾಕ್ಕೆ ಹೋದಾಗ, ಅಂಪೈರರ ತೀರ್ಪನ್ನು ಆಟಗಾರರೇ ಪ್ರಶ್ನಿಸುವ ಪದ್ಧತಿಯ ಪ್ರಯೋಗವೂ ನಡೆಯಿತು. ಚೆಂಡು ಬ್ಯಾಟಿನ ಅಂಚನ್ನು ಸವರಿದ ಸೂಕ್ಷ್ಮ ಸದ್ದನ್ನು ಸಹ ಇಂದು ಪರದೆಯ ಮೇಲೆ ರೇಖೆಯಾಗಿ ತೋರಿಸುತ್ತಾರೆ.

ಯಂತ್ರದ ಮೇಲೆ ನಮಗೆ ಮುನಿಸಿಲ್ಲ. ಆತಿಥೇಯ ದೇಶದವರೇ ಅಂಪೈರುಗಳಾಗಿದ್ದ ಕಾಲದಲ್ಲಿ ಸೋತವರೆಲ್ಲ ತೀರ್ಪುಗಾರರ ಮೇಲೆ ಗೂಬೆ ಕೂರಿಸುತ್ತಿದ್ದರು. ಆ ಜಗಳ ಈಗ ಬಹುಮಟ್ಟಿಗೆ ಅಡಗಿದೆ. ನಮ್ಮನ್ನು ಕಾಡುವುದು ಬೇರೊಂದು ಸಂಗತಿ.

1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಭಾರತ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ನಾಯಕರು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ಇಕ್ಕಟ್ಟಿನಲ್ಲಿತ್ತು. ಬಾಬ್ ಟೇಲರ್ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿಯೂ ಆಗಿತ್ತು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಗೊತ್ತಿತ್ತು. ಅವರು ಅಂಪೈರರಿಗೆ ಹೇಳಿ ಟೇಲರರನ್ನು ಮರಳಿ ಕರೆಸಿದರು. ಟೇಲರ್ ಹಾಗೂ ಬಾಥಮ್ ಆರನೆಯ ವಿಕೆಟ್ಟಿಗೆ 171 ಓಟಗಳನ್ನು ಕೂಡಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಅಂದು ಸುಮ್ಮನಿದ್ದಿದ್ದರೆ ಯಾವ ಕಾನೂನೂ ಅವರನ್ನು ಕೇಳುವಂತಿರಲಿಲ್ಲ. ಸೋಲಿನ ಬೆಲೆ ತೆತ್ತು ಸತ್ಯವನ್ನು ಉಳಿಸಿಕೊಂಡ ಆ ನಾಯಕರ ಬಗ್ಗೆ ಕನ್ನಡಿಗರಾದ ನಾವು ಇನ್ನೂ ಹೆಚ್ಚು ಹೇಳಿಕೊಳ್ಳಬೇಕಿತ್ತು; ಗೆದ್ದವರ ಚಿತ್ರಗಳನ್ನಷ್ಟೇ ಗೋಡೆಗೆ ಅಂಟಿಸಿಕೊಂಡೆವು.

ಇಂದು ಬ್ಯಾಟಿಗೆ ಚೆಂಡು ತಾಗಿದ್ದು ಮೊದಲು ತಿಳಿಯುವುದು ಬ್ಯಾಟು ಹಿಡಿದವನಿಗೇ. ಆದರೂ ಬಹುತೇಕ ಆಟಗಾರರು ನಿಂತೇ ಇರುತ್ತಾರೆ, ಪರದೆ ಹೇಳಲೆಂದು. ಪರದೆ ಹೇಳದಿದ್ದರೆ ಆಡಿದ್ದೇ ಸರಿ.

ಬೀದಿಯಲ್ಲಿಯೂ ಇದೇ ಕಥೆ. ಬೆಂಗಳೂರಿನ ದೊಡ್ಡ ವೃತ್ತಗಳಲ್ಲಿ ಕ್ಯಾಮೆರಾಗಳು ಬಂದ ಮೇಲೆ ಅಲ್ಲಿ ಗಾಡಿಗಳು ಗೆರೆಯ ಹಿಂದೆ ನಿಲ್ಲುತ್ತವೆ. ಮುಂದಿನ ತಿರುವಿನಲ್ಲಿ ಕ್ಯಾಮೆರಾ ಇಲ್ಲವೆಂದರೆ ಗೆರೆಯೂ ಇಲ್ಲ. ಮೊಣಕೈಗೆ ತೂಗುಹಾಕಿಕೊಂಡ ಹೆಲ್ಮೆಟ್ಟು ಸಿಗ್ನಲ್ ಬಂದಾಗ ಮಾತ್ರ ತಲೆಗೇರುತ್ತದೆ. ಮೆದುಳು ಇರುವುದು ಮೊಣಕೈಯಲ್ಲೆಂದು ಯಾವ ವೈದ್ಯರೂ ಹೇಳಿದ್ದನ್ನು ನಾವು ಕೇಳಿಲ್ಲ. 2019ರ ತಿದ್ದುಪಡಿಯಲ್ಲಿ ಕೇಂದ್ರವು ಹೆಲ್ಮೆಟ್ ಇಲ್ಲದವರಿಗೆ 1000 ರೂಪಾಯಿ ದಂಡ ವಿಧಿಸಿತು. ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಎಂದೊಡನೆ ಜನ ಸರತಿಯಲ್ಲಿ ನಿಂತು ನೂರು ಕೋಟಿಗೂ ಮೀರಿ ಕಟ್ಟಿದರು. ಸೀರೆ ಅಂಗಡಿಯ ಆಷಾಢ ಮಾರಾಟದಂತೆ ತಪ್ಪಿಗೂ ಅರ್ಧ ಬೆಲೆ ಬಂದದ್ದು ನಮಗೆ ಸರಿಕಾಣಲಿಲ್ಲ. ದಂಡವು ವಸೂಲಿಯ ಲೆಕ್ಕವಾಯಿತೇ ಹೊರತು ಮಾಡಿದ ತಪ್ಪಿನ ನೆನಪಾಗಲಿಲ್ಲ.

ತಂದೆ ಸ್ಕೂಟರ್ ಓಡಿಸುತ್ತ, "ಮುಂದೆ ಕ್ಯಾಮೆರಾ ಇದೆಯೇನೋ ನೋಡಪ್ಪಾ" ಎಂದು ಮುಂದೆ ನಿಂತ ಮಗುವನ್ನು ಕೇಳಿದರೆ, ಆ ಮಗುವಿಗೆ ಆದ ಮೊದಲ ಕಾನೂನಿನ ಪಾಠ ಅದೇ. ಮನೆಯ ಯಾವ ಉಪದೇಶವೂ ಅದನ್ನು ಅಳಿಸಲಾರದು.

ಇತ್ತೀಚೆಗೆ ಪರಿಚಿತ ಭಕ್ತರೊಬ್ಬರ ಫೋನಿಗೆ ದಂಡದ ನೋಟೀಸು ಬಂದಿತು, ಜೊತೆಗೆ ಚಿತ್ರವೂ. ಗಾಡಿ ಇವರ ಹೆಸರಿನದು. ಓಡಿಸಿದವನು ಮಗ, ಹಿಂದೆ ಇಬ್ಬರು ಗೆಳೆಯರು. ಹುಡುಗ ಟ್ಯೂಷನ್ನಿನಲ್ಲಿರುವೆನೆಂದು ಮನೆಯಲ್ಲಿ ಹೇಳಿದ್ದ ಹೊತ್ತು ಅದು. "ಸ್ವಾಮೀ, ಈ ಚಿತ್ರವನ್ನು ಅವನ ಮುಂದೆ ಹಿಡಿಯಲೇ?" ಎಂದು ಅವರು ಕೇಳಿದರು. ದಂಡವನ್ನು ಇಂದೇ ಕಟ್ಟಿರಿ, ನೋಟೀಸು ಬಂದಿತೆಂದಷ್ಟೇ ಮಗನಿಗೆ ಹೇಳಿರಿ, ಚಿತ್ರವನ್ನು ಮಾತ್ರ ಎರಡು ದಿನ ತೆಗೆಯಬೇಡಿರಿ, ಅವನೇ ಬಂದು ಹೇಳುತ್ತಾನೋ ನೋಡೋಣ ಎಂದೆವು. ಎರಡನೆಯ ದಿನ ರಾತ್ರಿ ಊಟದ ಹೊತ್ತಿಗೆ ಹೇಳಿದನಂತೆ. ಜೊತೆಗಿದ್ದವರು ಇಬ್ಬರಲ್ಲ, ಒಬ್ಬನೇ ಎಂದನಂತೆ.