ಕುಸಿದದ್ದು ಗುಡ್ಡ, ಕಟಕಟೆಯಲ್ಲಿ ಮಳೆ

ಕೊಡಗಿನಲ್ಲಿ ಗುಡ್ಡ ಕುಸಿದಾಗಲೆಲ್ಲ ಕೇಳಿಬರುವ ವಿವರಣೆ ಒಂದೇ: ಮಳೆ ಹೆಚ್ಚಾಯಿತು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಭಾಗಗಳ ಮನೆ-ತೋಟಗಳು ಕೊಚ್ಚಿಹೋದಾಗ ಇದೇ ಮಾತು. 2019ರಲ್ಲಿ ತೋರ ಗ್ರಾಮದಲ್ಲಿ ಇದೇ ಮಾತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿದಾಗಲೂ ಇದೇ ಮಾತು. ಮಳೆಯೊಂದನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ ಉಳಿದವರೆಲ್ಲರೂ ನಿರ್ದೋಷಿಗಳಾಗಿಬಿಡುತ್ತಾರೆ!

ಮಳೆ ಕಾರಣವಲ್ಲವೆಂದಲ್ಲ. ಆದರೆ ಇಳಿಜಾರಿನ ಮಣ್ಣು ನಿಂತಿರುವುದು ಕಣಗಳ ನಡುವಣ ಘರ್ಷಣೆ, ಬೇರುಗಳ ಹಿಡಿತ ಮತ್ತು ಬುಡದ ಆಸರೆಯಿಂದ. ನೀರು ಇಂಗಿದಂತೆ ಮಣ್ಣಿನ ಭಾರ ಹೆಚ್ಚುತ್ತದೆ. ಒಳಗಿನ ನೀರಿನ ಒತ್ತಡ ಏರಿ ಘರ್ಷಣೆ ಕುಗ್ಗುತ್ತದೆ. ಅಷ್ಟರಲ್ಲಿ ರಸ್ತೆಗಾಗಿಯೋ ರೆಸಾರ್ಟಿಗಾಗಿಯೋ ಬುಡವನ್ನು ನೆಟ್ಟಗೆ ಕಡಿದಿದ್ದರೆ, ತೋಡುಗಳನ್ನು ಮಣ್ಣು ತುಂಬಿ ಮುಚ್ಚಿದ್ದರೆ ಗುಡ್ಡ ನಿಲ್ಲುವುದಾದರೂ ಹೇಗೆ? 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಮನುಷ್ಯ ಮಾಡಿದ ಇಳಿಜಾರಿನ ಮಾರ್ಪಾಡುಗಳತ್ತ ಬೆರಳು ತೋರಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದದ್ದೂ ಹೆದ್ದಾರಿಗಾಗಿ ಕಡಿದ ಗುಡ್ಡವೇ.

ಭೂಕುಸಿತ ಸಾಧ್ಯತೆಯ ನಕಾಶೆಗಳು ಸಿದ್ಧವಾಗಿವೆಯಲ್ಲ ಎಂಬುದು ಅಧಿಕಾರಿಗಳ ಸಮಾಧಾನ. ಆ ನಕಾಶೆಗಳ ಅಳತೆ 1:50,000. ಕಾಗದದ ಒಂದು ಸೆಂಟಿಮೀಟರು ನೆಲದ ಮೇಲೆ ಅರ್ಧ ಕಿಲೋಮೀಟರು. ತಾಲ್ಲೂಕಿನ ಯೋಜನೆಗೆ ಅದು ಉಪಯುಕ್ತ. ಒಂದು ಮನೆಯ ಹಿಂದಿನ ಬರೆ ನಿಂತೀತೇ ಎಂಬುದನ್ನು ಅದು ಹೇಳಲಾರದು. ಅಪಾಯದ ಅಂದಾಜೆಂದರೆ ಮೂರು ಪ್ರಶ್ನೆಗಳು: ಎಲ್ಲಿ ಕುಸಿಯಬಹುದು? ಅದರ ದಾರಿಯಲ್ಲಿ ಯಾರಿದ್ದಾರೆ? ಪೆಟ್ಟು ತಾಳುವ ಶಕ್ತಿ ಅವರಿಗೆಷ್ಟಿದೆ? ನಕಾಶೆ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಲೈನ್‌ಮನೆಯ ಕಾರ್ಮಿಕ ಕುಟುಂಬ, ಹಕ್ಕುಪತ್ರವಿಲ್ಲದೆ ಪೈಸಾರಿಯಲ್ಲಿ ನೆಲೆಸಿದವರು ಅದರಲ್ಲಿ ಎಲ್ಲಿದ್ದಾರೆ? ದಾಖಲೆಯಲ್ಲಿಲ್ಲದವರು ಅಂದಾಜಿನಲ್ಲೂ ಇಲ್ಲ, ಪರಿಹಾರದಲ್ಲೂ ಹಿಂದೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಯೋಜನೆಯಲ್ಲಿ ಅಪಾಯದ ಪ್ರದೇಶಗಳನ್ನು ಗುರುತಿಸಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಈ ಯೋಜನೆಯನ್ನು ಕಣ್ಣಾರೆ ಕಂಡ ಗ್ರಾಮಸ್ಥರೆಷ್ಟು ಮಂದಿ?

ಇಂತಹ ಪಟ್ಟಿಗಳು ರೈತನ ಕೈ ಕಟ್ಟುತ್ತವೆಂಬ ಭಯ ಸುಳ್ಳಲ್ಲ. ಉಪಗ್ರಹದ ಚಿತ್ರ ನೋಡಿ, ಊರನ್ನು ಕೇಳದೆ ಗೆರೆ ಎಳೆದರೆ ಯಾರಿಗಾದರೂ ಸಂಶಯ ಬರುತ್ತದೆ. 2011ರ ಗಾಡ್ಗೀಳ್ ವರದಿ ಗ್ರಾಮಸಭೆಗಳ ಚರ್ಚೆಯನ್ನೇ ಬಯಸಿತ್ತು. ಆ ಭಾಗವನ್ನು ಮರೆಮಾಚಿ ಭಯವನ್ನಷ್ಟೇ ಹಂಚಲಾಯಿತು. ಪರಿಸರಾಸಕ್ತರೂ ಒಂದು ಮಾತು ಕೇಳಬೇಕು: ಬಯಲುಸೀಮೆಗೆ ಹಿತವಾದ ಇಂಗುಗುಂಡಿ, ಆಳವಾದ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ಕುಸಿತಕ್ಕೇ ಆಹ್ವಾನವಾದೀತು. ಅಲ್ಲಿ ಬೇಕಾದದ್ದು ನೀರು ಸರಾಗವಾಗಿ ಇಳಿದುಹೋಗುವ ಚರಂಡಿ.

ಆಗಬೇಕಾದದ್ದು ಮೂರು ಕೆಲಸ. ಒಂದು, ಇಳಿಜಾರು ಹಾಗೂ ನೀರಿನ ಹರಿವಿನ ಸ್ಥಳಪರೀಕ್ಷೆಯಿಲ್ಲದೆ ಭೂಪರಿವರ್ತನೆಗೆ ಅನುಮತಿ ಸಲ್ಲದು. ಎರಡು, ಕಾಫಿ ಬೆಳೆಗಾರರು ತಲೆಮಾರುಗಳಿಂದ ಇಂಚುಗಳಲ್ಲಿ ಬರೆದಿಟ್ಟ ಮಳೆಲೆಕ್ಕ ಪಂಚಾಯಿತಿಗೆ ದೊರೆಯಬೇಕು. ಗುಡ್ಡಕ್ಕೆ ಮುಖ್ಯವಾದದ್ದು ಒಂದು ದಿನದ ಮಳೆಯಷ್ಟೇ ಅಲ್ಲ, ಹಿಂದಿನ ದಿನಗಳಲ್ಲಿ ಇಂಗಿದ ನೀರೂ ಹೌದು. ಮೂರು, ಪ್ರತಿ ಮುಂಗಾರಿಗೆ ಮೊದಲು ಗ್ರಾಮಸಭೆಯಲ್ಲಿ ಅಪಾಯದ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು: ಬಿರುಕುಬಿಟ್ಟ ನೆಲ, ವಾಲಿದ ಮರ, ಹೊಸದಾಗಿ ಒಸರುವ ಕೆಸರುನೀರು, ಬರೆಯ ಕೆಳಗಿನ ಮನೆಗಳು, ಲೈನ್‌ಮನೆಗಳು ಎಲ್ಲವೂ ಅದರಲ್ಲಿರಬೇಕು. ಅಳತೆ, ದಾಖಲೆಯ ಕೆಲಸಕ್ಕೆ ಊರಿನ ವಿದ್ಯಾರ್ಥಿಗಳೇ ಸಾಕು.

ಮಳೆಯನ್ನು ತಡೆಯುವ ಅಧಿಕಾರ ಯಾವ ಕಚೇರಿಗೂ ಇಲ್ಲ. ಗುಡ್ಡದ ಬುಡ ಕಡಿಯಲು ಅನುಮತಿ ಕೊಡುವ ಅಧಿಕಾರ ಮಾತ್ರ ಕಚೇರಿಯಲ್ಲೇ ಇದೆ. ಪ್ರಶ್ನೆ ಕೇಳಬೇಕಾದದ್ದು ಅಲ್ಲಿ.