ಬೈಕುಲ್ಲಾದಲ್ಲಿ ನಿಂತು ನೆನೆದ ಆಗ್ನೇಯಾಸ್ತ್ರ
1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮಾಂತ್ರಿಕನ ಹೆಸರಾಂತ ಅಸ್ತ್ರ ‘ಫೈರ್‌ಬಾಲ್’. ಬಾವಲಿಯ ಹಿಕ್ಕೆ, ಚೂರು ಗಂಧಕ ಹಿಡಿದು ಮಂತ್ರ ಹೇಳಿದರೆ ಸುತ್ತ ಇಪ್ಪತ್ತು ಅಡಿ ಉರಿದುಹೋಗುತ್ತದೆ. ಈ ಸಾಮಗ್ರಿ ಸುಮ್ಮನೆ ಆರಿಸಿದ್ದಲ್ಲ. ಬಾವಲಿ ಹಿಕ್ಕೆಯ ಮಣ್ಣಿನಿಂದ ಜನ ಪೆಟ್ಲುಪ್ಪು ತೆಗೆಯುತ್ತಿದ್ದರು. ಅದಕ್ಕೆ ಗಂಧಕವೂ ಇದ್ದಿಲೂ ಸೇರಿದರೆ ಕೋವಿಮದ್ದು. ನಮಗಂತೂ ಈ ಮಂತ್ರ ಹೊಸದಲ್ಲ. ಆದಿಪರ್ವದಲ್ಲಿ ಅರ್ಜುನ ಆಗ್ನೇಯಾಸ್ತ್ರ ಬಿಟ್ಟು ಗಂಧರ್ವ ಅಂಗಾರಪರ್ಣನ ರಥ ಸುಡುತ್ತಾನೆ. ಚಿತ್ರರಥನೆಂದು ಮೆರೆದವನು ‘ದಗ್ಧರಥ’ನಾಗುತ್ತಾನೆ. ಆಮೇಲಿನ ಮಾತು ನನಗೆ ಇನ್ನೂ ಇಷ್ಟ: ಸೋತವನಿಗೇ ಆ ಅಸ್ತ್ರ ಕಲಿಸಿ, ಬದಲಿಗೆ ಕುದುರೆಗಳನ್ನು ಪಡೆದು ಅರ್ಜುನ ಗೆಳೆತನ ಕಟ್ಟುತ್ತಾನೆ. ಯಕ್ಷಗಾನದಲ್ಲಿ ದೀವಟಿಗೆಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಜ್ವಾಲೆಗೆ ಮಕ್ಕಳು ಕಣ್ಣರಳಿಸುತ್ತಾರಲ್ಲ, ಆಟದ ಬೆಂಕಿಯ ಸುಖ ಅದು. ಬೈಕುಲ್ಲಾದಲ್ಲಿ, ಮುಂಬಯಿ ಅಗ್ನಿಶಾಮಕ ದಳದ ಕೇಂದ್ರ ಕಚೇರಿಯ ಮುಂದೆ ನಿಂತಾಗ ಮಾತ್ರ ಬೇರೆ ಬೆಂಕಿ ನೆನಪಾಗುತ್ತದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗಿನ ಹತ್ತಿಮೂಟೆಗಳು ಹೊಗೆಯಾಡತೊಡಗಿದವು. ಅದೇ ಹಡಗಿನಲ್ಲಿ ಸಾವಿರ ಟನ್ನಿಗೂ ಮಿಕ್ಕಿ ಸ್ಫೋಟಕಗಳಿದ್ದವು. ನೀರಿನ ಪೈಪು ಹಿಡಿದು ಹತ್ತಿರ ಹೋದ ಹಲವರು ಮರಳಲಿಲ್ಲ. ದಳದ 66 ಮಂದಿ ಸತ್ತರು. ಆಟದಲ್ಲಿ ಬೆಂಕಿಯ ಮಂತ್ರ ಕೇಳುವ ಹುಡುಗರಿಗೆ ನಾನು ಈ ಕಥೆಯನ್ನೂ ಹೇಳುತ್ತೇನೆ. ವಾರುಣಾಸ್ತ್ರ ಹಿಡಿದು ಹೊರಟವರ ನೆನಪಿಗೆ ಏಪ್ರಿಲ್ 14 ಇಂದು ದೇಶಕ್ಕೆಲ್ಲ ಅಗ್ನಿಶಾಮಕ ಸೇವಾ ದಿನ. ಬೈಕುಲ್ಲಾದ ಸ್ಮಾರಕಕ್ಕೆ ಅಂದು ಹೂಮಾಲೆ ಬೀಳುತ್ತದೆ.